ಸ್ಪಷ್ಟನೆ: ಬ್ಲೋ-ಆಫ್ ವಾಲ್ವ್‌ನಿಂದ ಪವರ್ ಹೆಚ್ಚುವುದಿಲ್ಲ

"ಗಾಳಿಯನ್ನು ಹೊರಗೆ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿಸಿ, ಯಾವ ಟರ್ಬೊ ಕಾರಿಗಾದರೂ ಪವರ್ ಜಾಸ್ತಿ ಆಗುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಅದನ್ನು ಬರೆದದ್ದು ನಾನೇ. ಅದು ತಪ್ಪು.

ಟರ್ಬೊ ಎಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪ್. ಆ ಗಾಳಿಯನ್ನು ಹೊರಬಿಡಲು ಈ ವಾಲ್ವ್ ತೆರೆಯುವುದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ. ಆ ಹೊತ್ತಿನಲ್ಲಿ ಪವರ್ ಯಾರಿಗೆ ಬೇಕು, ಅಲ್ವಾ? ಸಿಗುವುದು 'ಪ್ಶ್' ಸದ್ದು ಮಾತ್ರ. ಸದ್ದೇನೋ ಚೆನ್ನಾಗಿದೆ, ಒಪ್ಪುತ್ತೇನೆ.

ಟರ್ಬೊಗೆ ಮೊದಲೇ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಪೆಟ್ರೋಲ್ ಕಾರಿನಲ್ಲಿ ತೊಂದರೆಯೂ ಇದೆ. ಅಳೆದಾಗಿರುವ ಗಾಳಿ ಹೊರಗೆ ಹೋಗಿಬಿಡುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಅದು ಗೊತ್ತಾಗುವುದಿಲ್ಲ, ಹೋದ ಗಾಳಿಗೂ ಸೇರಿಸಿ ಪೆಟ್ರೋಲ್ ಸುರಿಯುತ್ತದೆ. ನನ್ನ ಕಾರಿನಲ್ಲಿ ಗೇರ್ ಬದಲಿಸಿದಾಗೆಲ್ಲ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ 10ಕ್ಕೆ ಇಳಿಯುತ್ತಿತ್ತು, ಅಂದರೆ ಪೆಟ್ರೋಲ್ ಅತಿಯಾಗುತ್ತಿತ್ತು. ಹಿಂದೆ ಕಪ್ಪು ಹೊಗೆ. ನಿಧಾನ ಮಾಡಿದರೆ ಎಂಜಿನ್ ಆಫ್. ಪ್ಲಗ್, ಇಂಜೆಕ್ಟರ್ ಎಲ್ಲ ಸುಮ್ನೆ ಬದಲಿಸಿದೆ. ಗಾಳಿಯನ್ನು ಮತ್ತೆ ಇನ್‌ಟೇಕ್‌ಗೇ (ಎಂಜಿನ್ ಗಾಳಿ ಎಳೆಯುವ ಕೊಳವೆಗೆ) ಕಳಿಸುವ ಹಳೆಯ ವಾಲ್ವ್ ಹಾಕಿದ ದಿನವೇ ಸರಿಹೋಯಿತು.

ಗಾಳಿಯನ್ನು ಹೀಗೆ ಅಳೆಯದೆ, ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡವನ್ನು ಮ್ಯಾಪ್ ಸೆನ್ಸರ್‌ನಿಂದ ನೋಡಿ ಲೆಕ್ಕ ಹಾಕುವ ಕಾರುಗಳಲ್ಲಿ ಈ ಕಾಟ ಇಲ್ಲ. ಹಾಗಂತ ಪವರ್ ಅಲ್ಲೂ ಹೆಚ್ಚುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅವರಿಗೇ ಇದನ್ನೂ ಕಳಿಸಿ.