300ರ ಲೆಕ್ಕದಲ್ಲಿ ನಾವಿಲ್ಲ
ಹೊಸ ಕಾರ್ಮಿಕ ಸಂಹಿತೆಗಳಿಂದ, ಅಂದರೆ ಹೊಸ ಕಾರ್ಮಿಕ ಕಾನೂನುಗಳಿಂದ, ಎಲ್ಲರಿಗೂ ಭದ್ರತೆ ಸಿಕ್ಕಿತು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನೇಮಕಾತಿ ಪತ್ರ ಕಡ್ಡಾಯ, ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು). ಒಳ್ಳೆಯದೇ, ಒಪ್ಪುತ್ತೇನೆ.

ಆದರೆ 300ರ ವಿಷಯ ಯಾಕೆ ಬಿಟ್ಟರು? 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 100 ಅಥವಾ ಜಾಸ್ತಿ ಕೆಲಸಗಾರರಿದ್ದ ಕಾರ್ಖಾನೆ ಜನರನ್ನು ತೆಗೆಯಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಂಹಿತೆಯಲ್ಲಿ ಆ ಮಿತಿ 300. ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡಿದವನು. ಅಲ್ಲಿ 300 ಜನ ಇರುವ ಶೆಡ್ ಎಷ್ಟಿವೆ, ಸುಮ್ನೆ ಒಂದು ಸುತ್ತು ಹಾಕಿ ನೋಡಿ! ನಮ್ಮಲ್ಲಿ ದುಡಿಯುತ್ತಿದ್ದವರು ನೂರೈವತ್ತು, ರಿಜಿಸ್ಟರಿನಲ್ಲಿ ಮಾತ್ರ 95. ಉಳಿದವರು ಗುತ್ತಿಗೆ. ಯಾಕೆ ಅಂತ ಬೇರೆ ಹೇಳಬೇಕಾ? ಇನ್ನು ಮುಂದೆ ಅಷ್ಟು ಕಸರತ್ತೂ ಬೇಕಿಲ್ಲ.

ಮುಷ್ಕರದ ಕಥೆಯೂ ಅಷ್ಟೇ. ಮೊದಲು ನೋಟಿಸ್ ಕಡ್ಡಾಯವಿದ್ದದ್ದು ನೀರು, ವಿದ್ಯುತ್‌ನಂಥ ಸೇವೆಗಳಿಗೆ. ಈಗ ಎಲ್ಲ ಕಡೆಯೂ 14 ದಿನ ಮುಂಚೆ ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ಕ್ಯಾಶುಯಲ್ ರಜೆ ಹಾಕಿದರೂ ಮುಷ್ಕರವೇ. ಲಾಕೌಟ್‌ಗೂ (ಮಾಲೀಕರೇ ಕಾರ್ಖಾನೆಗೆ ಬೀಗ ಹಾಕುವುದಕ್ಕೂ) ನೋಟಿಸ್ ಇದೆಯಲ್ಲ ಎನ್ನಬಹುದು, ನಿಜ. ಆದರೆ ಸರ್ಕಾರಿ ಅಧಿಕಾರಿಯ ಮುಂದೆ ರಾಜಿ ಮಾತುಕತೆ ಶುರುವಾದರೆ ಅದು ಮುಗಿಯುವವರೆಗೆ ಮುಷ್ಕರ ಮಾಡುವಂತೆಯೇ ಇಲ್ಲ. ಅಷ್ಟರಲ್ಲಿ ಮಾಲೀಕರ ಗೋಡೌನ್ ಸರಕಿನಿಂದ ತುಂಬಿರುತ್ತದೆ, ಆಮೇಲೆ ಮುಷ್ಕರದ ಬಿಸಿ ತಟ್ಟುವುದಿಲ್ಲ, ಅಲ್ವಾ?