ಭಾವನ ಸೊಂಟಕ್ಕೆ ಬೆಂಡು

ಊರ ಮನೆಯ ಹೆಂಚು ಇಳಿಸಿ ಶೀಟ್ ಹಾಕಿಸೋಣ ಅಂತ ತೀರ್ಮಾನ ಆದಮೇಲೆ ಅಟ್ಟ ಖಾಲಿ ಮಾಡಲೇಬೇಕಾಯಿತು. ಮುರಿದ ಒನಕೆ, ತಳ ಇಲ್ಲದ ಕೊಳಗ, ಯಾರದೋ ಮದುವೆಯ ಬಾಸಿಂಗ, ಎಲ್ಲ ಇಳಿದವು. ಅವುಗಳ ಹಿಂದೆ ಧೂಳು ಹೊದ್ದು ಕೂತಿದ್ದ ಎರಡು ಸಾಮಾನು ಮಾತ್ರ ಏನು ಅಂತ ಯಾರಿಗೂ ತಿಳಿಯಲಿಲ್ಲ.

ಒಂದು, ಮೊಳದುದ್ದದ ಮೂರು ತುಂಡುಗಳ ಕಟ್ಟು. ನೋಡೋಕೆ ಸೌದೆ, ಎತ್ತಿದರೆ ಹಪ್ಪಳದ ಕಟ್ಟಿನಷ್ಟೂ ಭಾರ ಇಲ್ಲ. ನಾರಿನ ಹಗ್ಗದಲ್ಲಿ ಬಿಗಿದು ಎರಡು ತುದಿಗಳನ್ನು ಉದ್ದಕ್ಕೆ ಬಿಟ್ಟಿದ್ದರು. ಇನ್ನೊಂದು, ಹಗ್ಗದ ಬಲೆಯೊಳಗೆ ಜೋಡಿ ಸೋರೆಬುರುಡೆ. ಅಲ್ಲಾಡಿಸಿದರೆ ಒಳಗೆ ಗಲಗಲ.

ನಮ್ಮ ಮನೆಯಲ್ಲಿ ಯಾರಿಗೂ "ಗೊತ್ತಿಲ್ಲ" ಅಂದು ರೂಢಿಯಿಲ್ಲ. ಅತ್ತೆ ಬುರುಡೆ ನೋಡಿದ ತಕ್ಷಣ, "ಬಿತ್ತನೆ ಬೀಜ ತುಂಬಿಡೋದು" ಅಂದರು. ತುಂಬೋಕೆ ಬಾಯೇ ಇಲ್ಲವಲ್ಲ ಅತ್ತೆ ಅಂದರೆ, "ಆಗಿನವರು ಹೇಗೋ ತುಂಬ್ತಿದ್ರಪ್ಪ" ಅಂತ ಒಳಗೆ ಹೋದರು. ಭಜನೆ ಮಂಡಳಿಯಲ್ಲಿ ತಾಳ ಹಾಕುವ ಚಿಕ್ಕಪ್ಪನ ಮಗ ಗಲಗಲ ಕೇಳಿಯೇ ಅದನ್ನು ವಾದ್ಯ ಅಂತ ಘೋಷಿಸಿ, ಕಿವಿ ಹತ್ತಿರ ಹಿಡಿದು ಅರ್ಧ ಗಂಟೆ ಬಾರಿಸಿದ. ಅಕ್ಕನಿಗೆ ಅದು ಏನಾದರೂ ಆಗಲಿ, ಒಳಗೊಂದು ಬಲ್ಬ್ ಇಟ್ಟು ಬೆಂಗಳೂರಿನ ಫ್ಲ್ಯಾಟಿನ ಹಾಲಿನಲ್ಲಿ ತೂಗುಹಾಕಿದರೆ ಸಾಕಿತ್ತು. ಭಾವ ಎಂಜಿನಿಯರ್. ಮರದ ಕಟ್ಟನ್ನು ಎತ್ತಿ ಇಳಿಸಿ, ಇದು ನಿಮ್ಮ ತಾತ ಗರಡಿಯಲ್ಲಿ ಎತ್ತುತ್ತಿದ್ದ ಭಾರ ಇರಬೇಕು ಅಂದರು. ಭಾರವೇ ಇಲ್ಲದ ಭಾರ ಎತ್ತಿ ತಾತ ಯಾವ ಕುಸ್ತಿ ಗೆದ್ದರೋ ದೇವರಿಗೇ ಗೊತ್ತು!

ಅಷ್ಟರಲ್ಲಿ ಜಗಲಿಯಲ್ಲಿ ನಿದ್ದೆ ಹೊಡೀತಿದ್ದ ದೊಡ್ಡಪ್ಪ ಎದ್ದು ಬಂದರು. "ಲೇ, ಅದು ನನ್ನ ಬೆಂಡು ಕಣ್ರೋ! ಈಜೋಕೆ ಕಟ್ಕೊಳ್ಳೋದು."

ಕತ್ತಾಳೆ ಗೊತ್ತಲ್ವಾ, ಬೇಲಿಯಲ್ಲಿ ಮುಳ್ಳು ಚಾಚಿ ನಿಂತಿರುತ್ತೆ. ಮೂಲದಲ್ಲಿ ಮೆಕ್ಸಿಕೋ ಕಡೆಯ ಗಿಡ. ಎಷ್ಟೋ ವರ್ಷ ಸುಮ್ನೆ ಇದ್ದು ಒಂದು ದಿನ ನಡುವಿನಿಂದ ಎರಡಾಳೆತ್ತರದ ಕಂಬ ಎಬ್ಬಿಸಿ, ಒಂದೇ ಸಲ ಹೂ ಬಿಟ್ಟು, ಸತ್ತೇ ಹೋಗುತ್ತೆ. ಆ ಕಂಬ ನಿಂತಲ್ಲೇ ಒಣಗಿದರೆ ಹೊರಗೆ ಗಟ್ಟಿ ಸಿಪ್ಪೆ, ಒಳಗೆಲ್ಲ ಗಾಳಿ ತುಂಬಿದ ಬೆಂಡು. ಅದನ್ನು ಕಡಿದು ಮಕ್ಕಳ ಬೆನ್ನಿಗೆ ಬರುವ ಹಾಗೆ ಸೊಂಟಕ್ಕೆ ಕಟ್ಟಿ ತೋಟದ ಬಾವಿಗೆ ನೂಕುತ್ತಿದ್ದರಂತೆ. ಮೊದಲು ಮೂರು ತುಂಡು, ಕೈಕಾಲು ಆಡಿಸೋದು ಬಂದಮೇಲೆ ಎರಡು, ಆಮೇಲೆ ಒಂದು. "ಒಂದಿನ ನಮ್ಮಪ್ಪ ಹೇಳದೆ ಕೇಳದೆ ಅದನ್ನೂ ಬಿಚ್ಚಿದ್ರು" ಅಂದರು ದೊಡ್ಡಪ್ಪ. ಬುರುಡೆಗೂ ಅದೇ ಕೆಲಸ. ಬಾಯಿ ಕೊರೆದಿದ್ದರೆ ಬೀಜಕ್ಕೋ ನೀರಿಗೋ ಇಟ್ಟದ್ದು, ಕೊರೆಯದೆ ಬಲೆ ಹಾಕಿದ್ದರೆ ಈಜಿಗೆ. ಆಮೇಲೆ ಎಣ್ಣೆ ಡಬ್ಬ ಬಂತು, ಲಾರಿ ಟ್ಯೂಬ್ ಬಂತು. ಟ್ಯೂಬಿನ ವಾಲ್ವ್ ಪಕ್ಕೆ ಗೀರಿದ ಗುರುತು ಇನ್ನೂ ಇದೆ ಅಂತ ಅಂಗಿ ಎತ್ತೋಕೆ ಹೊರಟರು, ದೊಡ್ಡಮ್ಮ ತಡೆದರು.

ಮಂಗಳೂರಿನ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡೋ ಸ್ಪರ್ಧೆ ನೋಡಿ ಬಂದಿದ್ದ ಭಾವನ ಕಿವಿ ಈಗ ನೆಟ್ಟಗಾಯಿತು. ಕ್ಯಾಲಿಫೋರ್ನಿಯಾದಲ್ಲಿ ಇದೇ ಕತ್ತಾಳೆ ಬೆಂಡು ಅಂಟಿಸಿ ಸರ್ಫಿಂಗ್ ಹಲಗೆ ಮಾಡ್ತಾರೆ, ಟೆಸ್ಟ್ ಮಾಡಲೇಬೇಕು ಅಂದರು. ಐದು ಲೀಟರಿನ ಖಾಲಿ ಡಬ್ಬ ಪೂರ್ತಿ ಮುಳುಗಿದರೆ ಹೆಚ್ಚುಕಡಿಮೆ 5 ಕೆಜಿ ಎತ್ತುತ್ತೆ, ಮನುಷ್ಯನ ತಲೆ ಮೇಲಿರೋಕೆ ಅಷ್ಟು ಸಾಕು, ಈ ಲೆಕ್ಕದಲ್ಲಿ ಬೆಂಡು ಪ್ಲಸ್ ಬುರುಡೆ ಅಂದರೆ ಧಾರಾಳ ಅಂತ ಕಾಗದದ ಮೇಲೆ ಬರೆದೂ ತೋರಿಸಿದರು.

ಎಲ್ಲಿ ಮಾಡೋದು? ತೋಟದ ಬಾವಿ, ಬೋರ್‌ವೆಲ್ ಬಂದಮೇಲೆ ಬತ್ತಿ, ಈಗ ಊರಿನ ಪ್ಲಾಸ್ಟಿಕ್ಕಿಗೆಲ್ಲ ಆಶ್ರಯ. ತಾಲ್ಲೂಕು ಕೇಂದ್ರದ ಈಜುಕೊಳಕ್ಕೆ ಹೋದರೆ ಗೇಟಿನಲ್ಲಿದ್ದವರು ತಲೆಗೆ ಟೋಪಿ ಇಲ್ಲದೆ ಬಿಡಲ್ಲ ಅಂದರು, ಭಾವ ಟೋಪಿ ಕೊಂಡರು, ಆಮೇಲೆ ಕಂಕುಳಲ್ಲಿದ್ದದ್ದನ್ನು ನೋಡಿ "ಸಾರ್, ಸೌದೆ ಹೊರಗೆ ಇಡಿ" ಅಂದರು. ಕೊನೆಗೆ ಸಿಕ್ಕಿದ್ದು ಚಿಕ್ಕಪ್ಪನ ತೋಟದಲ್ಲಿ ಡ್ರಿಪ್ಪಿಗೆ ನೀರು ಬಿಡುವ ಸಿಮೆಂಟ್ ತೊಟ್ಟಿ. ಎದೆಮಟ್ಟ ನೀರು.

ಟೋಪಿ ಹಾಕಿಕೊಂಡೇ ಭಾವ ಇಳಿದರು. ಸೊಂಟಕ್ಕೆ ಬೆಂಡು, ಎದೆಗೆ ಬುರುಡೆ. ಕಾಲು ಎತ್ತಿದರು. ಎರಡು ಕ್ಷಣ ನಿಜವಾಗಿಯೂ ತೇಲಿದರು, ಅಕ್ಕ ಚಪ್ಪಾಳೆ ಕೂಡ ತಟ್ಟಿದಳು. ಮೂರನೇ ಕ್ಷಣಕ್ಕೆ ಅಷ್ಟು ವರ್ಷದ ನಾರಿನ ಹಗ್ಗ ಪುಸಕ್ಕಂತ ಹರಿಯಿತು. ಬೆಂಡಿನ ಮೂರೂ ತುಂಡು ಆರಾಮಾಗಿ ತೇಲಿಕೊಂಡು ತೊಟ್ಟಿಯ ಮೂಲೆ ಸೇರಿದವು. ಭಾವ ತಳ ಸೇರಿದರು. ಗಾಬರಿಯಲ್ಲಿ ಬುರುಡೆಗಳನ್ನು ತಬ್ಬಿ ಹಿಡಿದದ್ದೇ, ಒಂದು ಟಪ್ ಅಂತ ಬಿರಿದು ಒಳಗಿದ್ದ ಬೀಜವೆಲ್ಲ ನೀರಿಗೆ ಬಿತ್ತು. ಬೀಜ ಇದೆ ಅಂದಿದ್ದು ಸುಳ್ಳಾ ಅಂತ ಅತ್ತೆ ಗೆದ್ದವರ ಹಾಗೆ ನಕ್ಕರು.

ಅತ್ತ ಕರೆಂಟ್ ಬಂದು ಡ್ರಿಪ್ ಮೋಟರ್ ತಾನೇ ಶುರುವಾಯಿತು. ಸೋರೆಬೀಜವೆಲ್ಲ ಪೈಪಿಗೆ ನುಗ್ಗಿ ಫಿಲ್ಟರ್ ಕಟ್ಟಿಕೊಂಡಿತು. ಕತ್ತಲಾಗುವ ತನಕ ಭಾವ ಒದ್ದೆ ಚಡ್ಡಿಯಲ್ಲಿ ಕೂತು ಹಳೇ ಟೂತ್‌ಬ್ರಷ್ಷಿನಲ್ಲಿ ಜಾಲರಿ ಉಜ್ಜುತ್ತಿದ್ದರು. ದೊಡ್ಡಪ್ಪ ತೊಟ್ಟಿ ಕಟ್ಟೆ ಮೇಲೆ ಕೂತು, "ಹಗ್ಗ ಹೊಸದು ಹಾಕ್ಬೇಕು ಅಂತ ಆಗ್ಲೇ ಅಂದ್ಕೊಂಡೆ, ಹೇಳೋಕೆ ಮರ್ತೆ ನೋಡಿ ಅಳಿಯಂದ್ರೇ" ಅಂದರು.