23 ಮೊಳೆಗಳ ಲೆಕ್ಕ

ಮನೆ ಖಾಲಿ ಮಾಡಿದ ಮೂರನೇ ದಿನ ಓನರ್ ಅಂಕಲ್ ಫೋನ್ ಮಾಡಿ, "ಬಾಮ್ಮ, ಅಡ್ವಾನ್ಸ್ ಲೆಕ್ಕ ಮುಗಿಸಿಬಿಡೋಣ" ಎಂದರು. ಐದು ವರ್ಷದಲ್ಲಿ ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಹನುಮಂತನಗರದ ಆ ಮನೆಗೆ ನಾವು ಹೋದಾಗ ಬಾಡಿಗೆ 18,000. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,80,000. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಈ ಹತ್ತರ ಮಗ್ಗಿ ಬಾಯಿಪಾಠ. ನನ್ನ ಬಳೆ ಅಡ ಇಟ್ಟು ಹೊಂದಿಸಿದ ದುಡ್ಡು ಅದು. ಐದು ವರ್ಷ ಅಂಕಲ್ ಹತ್ತಿರ ತಣ್ಣಗೆ ಕೂತಿತ್ತು. ಅದಕ್ಕೆ ಬಡ್ಡಿ ಕೇಳುವ ಪದ್ಧತಿ ಇಲ್ಲ. ಕೇಳುವವರಿಗೆ ಮನೆ ಕೊಡುವ ಪದ್ಧತಿಯೂ ಇಲ್ಲ.

ಅಂಕಲ್ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಉದ್ದನೆಯ ಹಾಳೆಗೆ ಕೆಂಪು ಇಂಕಿನ ಗೆರೆ ಎಳೆದು, ಮುತ್ತು ಪೋಣಿಸಿದ ಹಾಗೆ ಪಟ್ಟಿ ಬರೆದಿಟ್ಟಿದ್ದರು. ಪೇಂಟಿಂಗ್ 21,500. ಕ್ಲೀನಿಂಗ್ 3,500. ಕಿಟಕಿಯ ಸೊಳ್ಳೆ ಜಾಲರಿ 2,400. ಬಾತ್‌ರೂಮಿನ ನಲ್ಲಿಗೆ 1,800. ಕರೆಂಟ್ ಬಾಕಿ 1,200. ಮೊಳೆ ತೂತು, ಒಂದಕ್ಕೆ 100ರಂತೆ 23ಕ್ಕೆ 2,300. ಕೊನೆಗೆ 'ಇತರೆ' 1,000. ಒಟ್ಟು 33,700 ಕಳೆದು, ನಮಗೆ ಬರಬೇಕಾದ್ದು 1,46,300.

"ಇತರೆ ಅಂದ್ರೆ ಏನು ಅಂಕಲ್?"

"ಏನಾದ್ರೂ ಮರೆತಿದ್ರೆ ಅಂತ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗಾಡದೆ.

ನಮ್ಮವರು ಜಗಳ ಅಂದರೆ ಮಾರು ದೂರ ಓಡುವವರು. ಹಾಳೆ ನೋಡಿ, "ಅಕ್ಷರ ತುಂಬಾ ಚೆನ್ನಾಗಿದೆ ಸಾರ್" ಅಂದುಬಿಟ್ಟರು. ನಾನು ಅವರ ಕಾಲು ತುಳಿದು, "ಯೋಚನೆ ಮಾಡಿ ಭಾನುವಾರ ಬರ್ತೀವಿ" ಎಂದು ಎದ್ದೆ.

ನನ್ನ ಹೊಟ್ಟೆ ಉರಿಸಿದ್ದು ಪೇಂಟಿಂಗ್. ಒಂದು ತಿಂಗಳ ಬಾಡಿಗೆ ಹಿಡಿಯುವುದು ಈ ಊರಿನ ವಾಡಿಕೆ, ಗೊತ್ತು. ಆದರೆ ಅಂಕಲ್ ಅಡ್ವಾನ್ಸ್ ತಗೊಂಡದ್ದು ಹಳೇ ಬಾಡಿಗೆಯ ಲೆಕ್ಕದಲ್ಲಿ, ಪೇಂಟಿಂಗ್ ಹಿಡಿದದ್ದು ವರ್ಷ ವರ್ಷ ಏರಿಸಿದ ಹೊಸ ಬಾಡಿಗೆಯ ಲೆಕ್ಕದಲ್ಲಿ.

ತುಮಕೂರಿನಲ್ಲಿ ವಕೀಲಿಕೆ ಮಾಡುವ ನನ್ನ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. "ಅಕ್ಕ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಇದೆ. 108ನೇ ಸೆಕ್ಷನ್. ಸಹಜವಾಗಿ ಸವೆದು ಹಳೆಯದಾಗಿದ್ದಕ್ಕೆ ಬಾಡಿಗೆದಾರ ಹೊಣೆ ಅಲ್ಲ" ಎಂದ. ನಾನು ಕುಣಿಯುವುದೊಂದು ಬಾಕಿ. "ಆದರೆ ಅಕ್ಕ, ಆ ಸೆಕ್ಷನ್ನಿನ ಶುರುವಿನಲ್ಲೇ ಒಂದು ಮಾತಿದೆ. ಬೇರೆ ಕರಾರೋ ಊರಿನ ವಾಡಿಕೆಯೋ ಇಲ್ಲದಿದ್ದರೆ ಮಾತ್ರ ಇದು. ಅಗ್ರಿಮೆಂಟ್‌ನಲ್ಲಿ ಏನಿದೆ?"

ಅಗ್ರಿಮೆಂಟ್! ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ ಅಂತ ಹನ್ನೊಂದು ಹನ್ನೊಂದು ತಿಂಗಳಿಗೆ ಹೊಸದು ಮಾಡಿಸುತ್ತಿದ್ದೆವು. ಐದು ಸಲ ಸೈನ್ ಹಾಕಿದ್ದೆ, ಒಂದು ಸಲವೂ ಓದಿರಲಿಲ್ಲ. ಬೀರುವಿನಿಂದ ತೆಗೆದು ನೋಡಿದರೆ 14ನೇ ಅಂಶ: 'ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಬಾಬ್ತು ಹಿಡಿದುಕೊಳ್ಳತಕ್ಕದ್ದು.' ಕೆಳಗೆ ನನ್ನದೇ ಸೈನು, ಎರಡು ಚುಕ್ಕಿ ಸಮೇತ.

ಬಾಡಿಗೆ ಕಾಯ್ದೆ ಅಂತ ಒಂದು ಇದೆಯಲ್ಲ ಅಂದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆಯ ಮನೆಗೆ ಅನ್ವಯಿಸುವುದಿಲ್ಲವಂತೆ. 3,500ಕ್ಕೆ ಈಗ ಹನುಮಂತನಗರದಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ.

ಸಮಾಧಾನಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಎಲ್ಲ ಕೇಳಿ, "ಒಂದು ತಿಂಗಳು ಪೇಂಟಿಂಗ್‌ಗೆ ಹಿಡಿಯೋದು ನ್ಯಾಯವೇ ಕಣಮ್ಮ. ನಾನೂ ಹಿಡೀತೀನಲ್ಲ" ಎಂದರು. ತುಮಕೂರಿನ ನಮ್ಮ ಮಹಡಿ ಮನೆ ಬಾಡಿಗೆಗೆ ಇದೆ ಎನ್ನುವುದು ನನಗೆ ಮರೆತೇ ಹೋಗಿತ್ತು. "ಮೊಳೆಗೆ ನೂರು ರೂಪಾಯಾ?" ಎಂದು ಅಪ್ಪ ಮತ್ತೆ ಕೇಳಿದರು. ಕೇಳಿದ ಧಾಟಿ ನೋಡಿದರೆ, ಬರೆದುಕೊಳ್ಳುತ್ತಿದ್ದ ಹಾಗಿತ್ತು.

ಉಳಿದದ್ದು ಮೊಳೆ. 23 ಮೊಳೆ ನಾವು ಹೊಡೆದಿಲ್ಲ ಎನ್ನುವುದು ಖಾತ್ರಿ. ನಮ್ಮವರಿಗೆ ಮೊಳೆ ಹೊಡೆಯಲು ಬರುವುದಿಲ್ಲ, ಅವರು ಹೊಡೆದರೆ ಬೆರಳಿಗೆ ಬೀಳುತ್ತದೆ. ಆದರೆ ಸಾಕ್ಷಿ ಬೇಕಲ್ಲ. ಆಗ ನೆನಪಾದದ್ದು ಹಾಲು ಉಕ್ಕಿಸಿದ ದಿನದ ಫೋಟೋಗಳು.

ಮಂಚದ ಮೇಲೆ ಕೂತು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆವು. ಅತ್ತೆ ರೇಷ್ಮೆ ಸೀರೆ ಉಟ್ಟು ಹಾಲಿನ ಪಾತ್ರೆ ಹಿಡಿದು ನಿಂತಿದ್ದಾರೆ. ತಲೆಯ ಹಿಂದೆ ಗೋಡೆಯ ಮೇಲೆ ಆರು ಮೊಳೆ, ದೇವಿಯ ಪ್ರಭಾವಳಿಯ ಹಾಗೆ. ಇನ್ನೊಂದರಲ್ಲಿ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇನ್ನೂ ನೇತಾಡುತ್ತಿದೆ. ತಾರೀಖು ಸಮೇತ ಸಾಕ್ಷಿ! ಅತ್ತೆ ಬಂದು ಇಣುಕಿ, "ನಾನು ಎಷ್ಟು ಸಣ್ಣಗಿದ್ದೆ ಅಲ್ವಾ?" ಎಂದರು. "ಸ್ವಲ್ಪ ಸರೀರಿ ಅಮ್ಮ, ನಿಮ್ಮ ಕಿವಿ ಪಕ್ಕ ಒಂದು ಮೊಳೆ ಇದೆ" ಎಂದು ಇವರು ಫೋನ್ ತಿರುಗಿಸಿದರು. ಅವತ್ತು ರಾತ್ರಿ ಅತ್ತೆ ಊಟಕ್ಕೆ ಕರೆದರೂ ಬರಲಿಲ್ಲ.

ಲೆಕ್ಕ 15ಕ್ಕೆ ನಿಂತಿತು. ಟ್ಯೂಬ್‌ಲೈಟ್ ಪಕ್ಕದ ಕಪ್ಪು ಚುಕ್ಕೆ ಮೊಳೆಯೋ ಹಲ್ಲಿಯೋ ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೆ ಒಮ್ಮತ ಬರಲಿಲ್ಲ.

ಭಾನುವಾರ ಹೋದೆವು. ನಾನು ಮೊದಲು ದೊಡ್ಡ ಬಾಣವನ್ನೇ ಬಿಟ್ಟೆ. "ಅಂಕಲ್, 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದಿದೆ. ಮನೆಗೆ ಎರಡೇ ತಿಂಗಳು ಅಡ್ವಾನ್ಸ್ ತಗೋಬೇಕು ಅಂತ ಇದೆ."

"ಅದು ಮಾದರಿ ಕಣಮ್ಮ. ರಾಜ್ಯಗಳು ಬೇಕಿದ್ರೆ ಒಪ್ಕೋಬಹುದು ಅಂತ. ಬಟ್ಟೆ ಅಂಗಡಿ ಬೊಂಬೆ ಇದ್ದ ಹಾಗೆ. ನೋಡಬಹುದು, ಅಷ್ಟೇ" ಎಂದರು. ರಿಟೈರ್ ಆದವರ ಹತ್ತಿರ ಪೇಪರ್ ಓದಲು ಟೈಮ್ ಜಾಸ್ತಿ ಇರುತ್ತದೆ.

ಕರೆಂಟ್ ಬಾಕಿಗೆ ಬಂದೆ. 2023ರ ಆಗಸ್ಟ್‌ನಿಂದ ನಮ್ಮದು ಗೃಹಜ್ಯೋತಿಯ ಸೊನ್ನೆ ಬಿಲ್ಲು. ಕೊನೆಯ ತಿಂಗಳೂ ಸೊನ್ನೆ. ಬಿಲ್ಲುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಸ್ಪೀಟ್ ಎಲೆ ಹಾಕಿದ ಹಾಗೆ ಹಾಕಿದೆ. ಅಂಕಲ್ ಕನ್ನಡಕ ಏರಿಸಿ ನೋಡಿ, "ಓ, ಅದು ಕೆಳಗಿನ ಮನೇದು ಸೇರಿಬಿಟ್ಟಿದೆ" ಎಂದರು. ಕೆಳಗಿನ ಮನೆಯಲ್ಲಿ ಇರುವವರು ಅವರೇ.

ನಂತರ ಫೋಟೋ. ಅಷ್ಟು ಹೊತ್ತಿಗೆ ಓನರ್ ಆಂಟಿ ಕಾಫಿ ತಂದು ನಮ್ಮ ಪಕ್ಕ ಕೂತರು. ಅಂಕಲ್ ಪೆನ್ಸಿಲ್ ಹಿಡಿದು ಎಣಿಸಿದರು. ಟ್ಯೂಬ್‌ಲೈಟ್ ಹತ್ತಿರ ಬಂದಾಗ ತಕರಾರು ಶುರುವಾಯಿತು. ಆಂಟಿ ಫೋನ್ ಇಸಕೊಂಡು ನೋಡಿ, "ಅಯ್ಯೋ, ಅದು ಹಲ್ಲಿ ಕಣ್ರೀ. ನಾವು ಮೇಲಿದ್ದಾಗಿಂದ ಅಲ್ಲೇ ಇರತ್ತೆ" ಎಂದು ತೀರ್ಪು ಕೊಟ್ಟರು. 14 ಮೊಳೆ ಹಳೆಯದು, 9 ನಮ್ಮದು. 900 ರೂಪಾಯಿ. ಹಲ್ಲಿಗೆ ಏನೂ ಹಿಡಿಯಲಿಲ್ಲ, ಅದು ಅಂಕಲ್ ದೊಡ್ಡತನ.

ಆಮೇಲೆ ಎಲ್ಲ ಆಂಟಿಯದ್ದೇ ಕಾರುಬಾರು. "ಜಾಲರಿ ಬಿಸಿಲಿಗೆ ಹೋಗಿದ್ದು ರೀ, ಅರ್ಧ ತಗೊಳ್ಳಿ. ಪೇಂಟಿಂಗ್‌ಗೆ ಹಳೇ ಬಾಡಿಗೆನೇ ಹಿಡೀರಿ. ಇತರೆ ಗಿತರೆ ಹೊಡೆದುಹಾಕಿ." ಬೋರ್ ನೀರಿನ ಉಪ್ಪು ಕಟ್ಟಿ ನಲ್ಲಿ ಹಾಳಾಯಿತು, ಉಪ್ಪು ನಾನು ಹಾಕಿದ್ದಲ್ಲ ಎಂದು ವಾದಿಸಿದೆ. ಅಲ್ಲಿ ಮಾತ್ರ ಆಂಟಿ ಗಂಡನ ಕಡೆ ಹೋದರು. ಅಂತೂ 33,700 ಹೋಗಿ 25,400 ಆಯಿತು. ಅಂಕಲ್ ಅದೇ ಮುತ್ತಿನ ಅಕ್ಷರದಲ್ಲಿ 1,54,600ಕ್ಕೆ ಚೆಕ್ ಬರೆದರು. ಆಂಟಿ ಕುಂಕುಮ ಕೊಟ್ಟು, ಬ್ಲೌಸ್ ಪೀಸ್ ಕೊಟ್ಟು ಕಳಿಸಿದರು. ಅದರ ಬೆಲೆ ಕಳೆದಿದ್ದಾರಾ ಅಂತ ದಾರಿಯಲ್ಲಿ ಇನ್ನೊಮ್ಮೆ ಲೆಕ್ಕ ಮಾಡಿದೆ. ಇಲ್ಲ.

ಹೊಸ ಮನೆಗೆ ಸಾಮಾನು ಬಂದಿತ್ತೇ ಹೊರತು ಹಾಲು ಉಕ್ಕಿಸಿರಲಿಲ್ಲ. ಒಳ್ಳೆ ದಿನ ಬುಧವಾರಕ್ಕಿತ್ತು. ಬುಧವಾರ ಬೆಳಿಗ್ಗೆ ಅತ್ತೆ ಮತ್ತೆ ರೇಷ್ಮೆ ಸೀರೆ ಉಟ್ಟರು. ಫೋಟೋಗೆ ನಿಲ್ಲಲು ಮಾತ್ರ ಒಪ್ಪಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ನಾನು ಹಾಲ್‌ನಲ್ಲಿ, ಇವರು ರೂಮಿನಲ್ಲಿ, ಗೋಡೆ ಗೋಡೆಯ ಫೋಟೋ ತೆಗೆದೆವು. "ಇಲ್ಲಿ ಏಳು!" ಎಂದು ಇವರು ಕೂಗಿದರು. "ಇಲ್ಲಿ ಹನ್ನೊಂದು, ಒಂದು ಹಲ್ಲಿ!" ಎಂದು ನಾನು. ಸುಟ್ಟ ವಾಸನೆ ಬಂದಾಗಲೇ ಅಡುಗೆಮನೆ ನೆನಪಾದದ್ದು.

ಹಾಲು ಶಾಸ್ತ್ರಕ್ಕಿಂತ ಜಾಸ್ತಿಯೇ ಉಕ್ಕಿತ್ತು. ಸ್ಟವ್ ದಾಟಿ, ಕಟ್ಟೆಯ ಮೇಲೆ ಹರಿದು, ಬಿಳಿ ಟೈಲ್ಸ್ ಮೇಲೆ ಕಂದು ಬಣ್ಣದ ನಕ್ಷೆ ಬರೆದಿತ್ತು. ಒರೆಸಲು ಬಟ್ಟೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಹೊಸ ಓನರ್ ತಾಂಬೂಲಕ್ಕೆ ಅಂತ ಒಳಗೆ ಬಂದರು. ಕಲೆಯನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿನಿಂದ ಫೋನ್ ತೆಗೆದರು.